ಕೆಳಗಿನ ಕೋಣೆ ಯಾರಿಗೆ?



ಗಡಿಯ ಊರುಗಳಲ್ಲಿ ಕೆಲವು ಮಾತುಗಳಿಗೆ ಗಡಿಯೇ ಇಲ್ಲ. ಕೃಷ್ಣಾ, ಗುಂಟೂರಿನ ಕಡೆಯವರು ಮನೆಯ ಬಾಡಿಗೆಗೆ ‘ಅದ್ದೆ’ ಎನ್ನುತ್ತಾರೆ. ನಮ್ಮ ರಾಯಲಸೀಮೆಯ ತೆಲುಗಿನವರು ‘ಬಾಡುಗ’ ಎನ್ನುತ್ತಾರೆ. ನಾವು ಬಾಡಿಗೆ ಎನ್ನುತ್ತೇವೆ. ಹೀಗಾಗಿ ಆದೋನಿಯಲ್ಲಾಗಲಿ, ಕೋಸಿಗಿಯಲ್ಲಾಗಲಿ, ಮಂತ್ರಾಲಯದಲ್ಲಾಗಲಿ ಮನೆ ಹುಡುಕಿಕೊಂಡು ಬಂದವನು ಯಾವ ಭಾಷೆಯಲ್ಲಿ ಕೇಳಿದರೂ ಮನೆಯವರಿಗೆ ತಿಳಿಯುತ್ತದೆ. ಮನೆಯವರು ತಿರುಗಿ ಕೇಳುವ ಮೊದಲ ಪ್ರಶ್ನೆಯೂ ಎರಡೂ ಭಾಷೆಯಲ್ಲಿ ಒಂದೇ. ಕನ್ನಡದಲ್ಲಿ ‘ನೀವು ಯಾವ ಪೈಕಿ?’, ತೆಲುಗಿನಲ್ಲಿ ‘ಮೀರೇಮಿಟ್ಲು?’. ಬಾಡಿಗೆ ಎಷ್ಟು, ಅಡ್ವಾನ್ಸು ಎಷ್ಟು, ನೀರು ಎಷ್ಟೊತ್ತಿಗೆ ಬರುತ್ತದೆ ಎಂಬುದೆಲ್ಲ ಆಮೇಲಿನ ಮಾತು.

ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಇವತ್ತು ಅದನ್ನು ಸ್ವಲ್ಪ ಹೇಳಬೇಕೆಂದಿದ್ದೇನೆ. ಹೇಳುವುದಕ್ಕೆ ನಮ್ಮ ಮನೆಯ ಕೆಳಗಿನ ಕೋಣೆಯೇ ಸಾಕು.

ನಮ್ಮ ಮನೆ ಆದೋನಿಯಲ್ಲಿ, ಇಳಿಜಾರಿನ ಒಂದು ಓಣಿಯಲ್ಲಿದೆ. ಮುಂದಿನಿಂದ ನೋಡಿದರೆ ಒಂದೇ ಅಂತಸ್ತು. ಪಕ್ಕದ ಸಂದಿಯಲ್ಲಿ ಆರು ಮೆಟ್ಟಿಲು ಇಳಿದರೆ ಪಡಸಾಲೆಯ ಕೆಳಗೆ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ನಮ್ಮ ತಾತ ಅದನ್ನು ಜೋಳದ ಚೀಲ ಇಡಲಿಕ್ಕೆಂದು ಕಟ್ಟಿಸಿದ್ದು. ಹೊಲ ಕೈಬಿಟ್ಟ ಮೇಲೆ ಚೀಲಗಳು ಹೋದವು, ಬಾಡಿಗೆಯವರು ಬಂದರು. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಗೋಡೆಗೆ ತೇವ. ನಮ್ಮ ಮನೆಯವರ ಬಾಯಲ್ಲಿ ಅದು ಇಂದಿಗೂ ‘ಕೆಳಗಿನ ಕೋಣೆ’.

ಜಾಗ ಕೊಡುವ ಮಾತು ಬಂದರೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಮಂಚಾಲೆಯ ಕಥೆ. ಬಿಜಾಪುರದ ಸುಲ್ತಾನರ ಕೈಕೆಳಗೆ ಆದೋನಿಯನ್ನು ಆಳುತ್ತಿದ್ದವನು ಸಿದ್ದಿ ಮಸೂದ್ ಖಾನ್. ರಾಘವೇಂದ್ರ ಸ್ವಾಮಿಗಳಿಗೆ ತುಂಗಭದ್ರೆಯ ದಂಡೆಯ ಮಂಚಾಲೆ ಗ್ರಾಮವನ್ನು ಬಿಟ್ಟುಕೊಟ್ಟವನು ಅವನೇ. 1671ರಲ್ಲಿ ಸ್ವಾಮಿಗಳು ಅಲ್ಲಿ ವೃಂದಾವನಸ್ಥರಾದರು, ಮಂಚಾಲೆ ಮಂತ್ರಾಲಯವಾಯಿತು. ಕೊಡುವುದಕ್ಕೆ ಮುಂಚೆ ನವಾಬನು ಮುಸುಕು ಹಾಕಿದ ತಟ್ಟೆಯಲ್ಲಿ ಮಾಂಸವಿಟ್ಟು ಪರೀಕ್ಷೆ ಮಾಡಿದನೆಂದೂ, ಮುಸುಕು ತೆಗೆದಾಗ ಹಣ್ಣು ಹೂವು ಕಂಡು ನಾಚಿಕೊಂಡನೆಂದೂ, ‘ಯಾವ ಊರು ಬೇಕೋ ಕೇಳಿ’ ಎಂದನೆಂದೂ ಭಕ್ತರು ಹೇಳುತ್ತಾರೆ. ಅದು ಐತಿಹ್ಯ, ನಂಬುವವರು ನಂಬುತ್ತಾರೆ. ನನಗೆ ಅದರಲ್ಲಿ ಹಿಡಿಸುವುದು ಪವಾಡಕ್ಕಿಂತ ಹೆಚ್ಚಾಗಿ ನವಾಬನ ನಾಚಿಕೆ. ಜಾಗ ಕೇಳಿ ಬಂದವರಿಗೆ ಪರೀಕ್ಷೆ ಇಡುವ ಚಾಳಿ ನಮ್ಮಲ್ಲಿ ಹಳೆಯದು. ಪರೀಕ್ಷೆ ಇಟ್ಟವನು ನಾಚಿಕೊಂಡ ಕಥೆಗಳು ಕಡಿಮೆ.

ಇನ್ನು ಕಾಯ್ದೆಯ ಕಥೆ. ಆದೋನಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಬಾಡಿಗೆ ಎಂಬುದು ಮನೆಯವನಿಗೂ ಬಂದವನಿಗೂ ನಡುವಿನ ಮಾತು, ಸರ್ಕಾರಕ್ಕೆ ಅದರಲ್ಲಿ ಕೆಲಸವಿರಲಿಲ್ಲ. ಎರಡನೆಯ ಮಹಾಯುದ್ಧ ಬಂದು ಅದೆಲ್ಲ ಬದಲಾಯಿತು. ಸಿಮೆಂಟು ಕಬ್ಬಿಣ ಯುದ್ಧಕ್ಕೆ ಹೋದವು, ಹೊಸ ಮನೆಗಳು ಏಳಲಿಲ್ಲ, ಪಟ್ಟಣಗಳಿಗೆ ಜನ ಬರುವುದು ನಿಲ್ಲಲಿಲ್ಲ. ಮನೆಯವರು ಬಾಯಿಗೆ ಬಂದಷ್ಟು ಬಾಡಿಗೆ ಹೇಳಿದರು. ಆಗ ಮದ್ರಾಸ್ ಸರ್ಕಾರ ಭಾರತ ರಕ್ಷಣಾ ನಿಯಮಗಳ ಬಲದಿಂದ ಬಾಡಿಗೆ ನಿಯಂತ್ರಣದ ಆಜ್ಞೆ ಹೊರಡಿಸಿತು. ಯುದ್ಧ ಮುಗಿದ ಮೇಲೂ ಮನೆಗಳ ಕೊರತೆ ಮುಗಿಯಲಿಲ್ಲ. 1946ರಲ್ಲಿ ಒಂದು ಕಾಯ್ದೆ, ಮತ್ತೆ 1949ರಲ್ಲಿ ಇನ್ನೊಂದು ಕಾಯ್ದೆ ಬಂದವು. ಯುದ್ಧಕ್ಕೆಂದು ಹಾಕಿದ ಹಗ್ಗ ಹೀಗೆ ಶಾಂತಿಯಲ್ಲೂ ಉಳಿಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ್ದು ನಿಮಗೆಲ್ಲ ಗೊತ್ತು. ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಉಳಿದವು ಮೈಸೂರಿಗೆ ಹೋದವು. ಆ ದಿನ ನಮ್ಮ ಹಿರಿಯರು ಮನೆ ಬದಲಾಯಿಸಲಿಲ್ಲ, ರಾಜ್ಯ ಬದಲಾಯಿಸಿದರು. ಹೊಸ ರಾಜ್ಯಕ್ಕೆ ಕರ್ನೂಲು ರಾಜಧಾನಿ. ಕರ್ನೂಲಿನಲ್ಲಿ ಕಚೇರಿಗಳಿಗೇ ಕಟ್ಟಡ ಸಾಲದು, ನೌಕರರಿಗೆ ಮನೆ ಎಲ್ಲಿಂದ ಬರಬೇಕು? ಮದ್ರಾಸಿನಿಂದ ಬಂದವರು ಗುಡಾರಗಳಲ್ಲಿ ಸಂಸಾರ ಹೂಡಿದರು, ಸರ್ಕಾರದ ಕಾಗದ ಪತ್ರಗಳೂ ಗುಡಾರ ಸೇರಿದವು. 1956ರ ನವೆಂಬರ್ 1ರಂದು ರಾಜಧಾನಿ ಹೈದರಾಬಾದಿಗೆ ಹೋಗುವವರೆಗೆ ಕರ್ನೂಲಿನಲ್ಲಿ ಖಾಲಿ ಕೋಣೆ ಇದ್ದವನೇ ದೊಡ್ಡ ಮನುಷ್ಯ. ಆ ಮೂರು ವರ್ಷ ನೋಡಿದವರಿಗೆ, ಬಾಡಿಗೆ ಕಾಯ್ದೆ ಏಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1960ರಲ್ಲಿ ಆಂಧ್ರ ಪ್ರದೇಶ ತನ್ನದೇ ಕಾಯ್ದೆ ಮಾಡಿತು, ಕಟ್ಟಡಗಳ ಗೇಣಿ, ಬಾಡಿಗೆ ಮತ್ತು ಬಿಡಿಸುವಿಕೆಯ ನಿಯಂತ್ರಣ ಕಾಯ್ದೆ. ಮುನಿಸಿಪಾಲಿಟಿ ಇದ್ದ ಊರುಗಳಿಗೆ ಅದು ಅನ್ವಯ. ಆದೋನಿ ಅದರೊಳಗೆ ಬಂತು. ಈ ಕಾಯ್ದೆ ಎಷ್ಟು ಗಟ್ಟಿಯೆಂದು ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಮನೆ ಖಾಲಿಯಾದರೆ ಕೆಲವೇ ದಿನಗಳೊಳಗೆ ಅಧಿಕಾರಿಗೆ ಬರೆದು ತಿಳಿಸಬೇಕು. ಸರ್ಕಾರದ ನೌಕರನಿಗೆ ಬೇಕಾಗಿದೆ ಎಂದು ಅವರು ಹೇಳಿದರೆ ಅವನಿಗೇ ಕೊಡಬೇಕು. ತೀರ ಚಿಕ್ಕ ಬಾಡಿಗೆಯ ಮನೆಗಳಿಗೆ ಇದರಿಂದ ವಿನಾಯಿತಿ ಇತ್ತು, ನಮ್ಮ ಕೆಳಗಿನ ಕೋಣೆ ಆ ಜಾತಿಯದು. ನ್ಯಾಯವಾದ ಬಾಡಿಗೆ ಎಷ್ಟೆಂದು ರೆಂಟ್ ಕಂಟ್ರೋಲರ್ ಗೊತ್ತುಮಾಡಬಹುದು, ಅದಕ್ಕೆ ಆಧಾರ ಯುದ್ಧಕಾಲದ ದರ. ಬಾಡಿಗೆ ಪಡೆದರೆ ರಸೀದಿ ಕೊಡಬೇಕು. ಸಿಟ್ಟು ಬಂತೆಂದು ನೀರು, ದೀಪ ತೆಗೆಯುವಂತಿಲ್ಲ. ಇನ್ನು ಬಿಡಿಸುವುದು! ಬೇಕೆಂದೇ ಬಾಡಿಗೆ ಕೊಡದಿರಬೇಕು, ಇಲ್ಲವೆ ಒಳಬಾಡಿಗೆಗೆ ಕೊಟ್ಟಿರಬೇಕು, ಕಟ್ಟಡ ಕೆಡಿಸಿರಬೇಕು, ನೆರೆಯವರಿಗೆ ಉಪದ್ರವ ಕೊಡುತ್ತಿರಬೇಕು, ಅಥವಾ ಮನೆಯವನಿಗೇ ಆ ಮನೆ ನಿಜವಾಗಿ ಬೇಕಾಗಿರಬೇಕು. ಅದನ್ನು ಕಂಟ್ರೋಲರ್ ಮುಂದೆ ರುಜುವಾತು ಮಾಡಬೇಕು, ಅಲ್ಲಿಂದ ಅಪೀಲು, ಅಲ್ಲಿಂದ ಹೈಕೋರ್ಟು.

ಕಾಯ್ದೆ ಮಾಡಿದವರ ಉದ್ದೇಶ ಒಳ್ಳೆಯದು. ಬಡ ಬಾಡಿಗೆದಾರ ರಾತ್ರೋರಾತ್ರಿ ಬೀದಿಗೆ ಬೀಳಬಾರದು. ಎಷ್ಟೋ ಸಂಸಾರಗಳನ್ನು ಅದು ಕಾಪಾಡಿದೆ. ಹೊಸ ಮನೆ ಕಟ್ಟುವವರಿಗೆ ಹುರುಪು ಬರಲೆಂದು 1957ರ ಆಗಸ್ಟ್ 26ರಿಂದ ಈಚೆಗೆ ಕಟ್ಟಿದ ಕಟ್ಟಡಗಳನ್ನು ಕಾಯ್ದೆಯಿಂದ ಹೊರಗಿಟ್ಟಿದ್ದರು. ಕಾಲು ಶತಮಾನ ಕಳೆದ ಮೇಲೂ ಈ ಭೇದ ಮುಂದುವರಿಯುವುದು ಸಮಾನತೆಗೆ ವಿರುದ್ಧವೆಂದು 1983ರಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಹೊಡೆದುಹಾಕಿತು. ಹಳೆಯ ಮನೆಯ ಬಾಡಿಗೆದಾರನಿಗೂ ಹೊಸ ಮನೆಯ ಬಾಡಿಗೆದಾರನಿಗೂ ಕಾಯ್ದೆಯ ನೆರಳು ಸಮನಾಗಿ ಸಿಗಬೇಕು ಎಂಬುದು ಅದರ ತಾತ್ಪರ್ಯ.

ಆದರೆ ಮನೆಯೊಳಗೆ ನಡೆದದ್ದೇ ಬೇರೆ. ನಮ್ಮ ತಾತ 1961ರಲ್ಲಿ ಒಬ್ಬ ಹತ್ತಿ ವ್ಯಾಪಾರದ ಗುಮಾಸ್ತರಿಗೆ ಕೆಳಗಿನ ಕೋಣೆ ಕೊಟ್ಟರು. ತಿಂಗಳಿಗೆ ಹನ್ನೆರಡು ರೂಪಾಯಿ. ಅವರು ಹದಿನಾಲ್ಕು ವರ್ಷ ಇದ್ದರು, ಕೊನೆಯ ತಿಂಗಳೂ ಹನ್ನೆರಡೇ ರೂಪಾಯಿ ಕೊಟ್ಟರು. ಕೆಟ್ಟವರೇನಲ್ಲ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ನಮ್ಮ ಅತ್ತೆಯ ಮದುವೆಗೆ ಕೋಣೆ ಬೇಕು, ಎರಡು ತಿಂಗಳು ಬಿಟ್ಟುಕೊಡಿ ಎಂದಾಗ ಮಾತ್ರ ಅವರು ನಕ್ಕು, ‘ಕಂಟ್ರೋಲರ್ ಹತ್ರ ಹೋಗ್ರಿ ಯಜಮಾನ್ರೇ’ ಎಂದರಂತೆ. ತಾತ ಹೋಗಲಿಲ್ಲ. ಅಂದಿನಿಂದ ಅವರ ಬಾಯಲ್ಲಿ ಒಂದೇ ಮಾತು: ‘ಒಳಗ ಬಿಟ್ಟ ಮ್ಯಾಲ ಏನೂ ಮಾಡಾಕ ಆಗಂಗಿಲ್ಲ, ಬಾಗಿಲದಾಗೇ ನೋಡ್ಕೋಬೇಕು.’

ಈ ಬಾಗಿಲದಾಗೇ ನೋಡಿಕೊಳ್ಳುವ ಮಾತೇ ನನ್ನ ಇಂದಿನ ವಿಷಯ. ಕಾಯ್ದೆ ಒಳಗಿದ್ದವನನ್ನು ಕಾಪಾಡಿತು. ಹೊರಗೆ ನಿಂತವನಿಗೆ ಬಾಗಿಲು ಇನ್ನೂ ಕಿರಿದಾಯಿತು. ಬಾಡಿಗೆ ಏರಿಸಲಾಗದ, ಬಿಡಿಸಲಾಗದ ಮನೆಯವನಿಗೆ ಉಳಿದದ್ದು ಒಂದೇ ಅಧಿಕಾರ, ಆರಿಸುವುದು. ಅವನು ಅದನ್ನೇ ಬಿಗಿಹಿಡಿದ. ಬಂದವನ ಸಂಬಳ, ನಡತೆ ವಿಚಾರಿಸಲು ಹೊಸ ಊರಿನಲ್ಲಿ ದಾರಿ ಎಲ್ಲಿ? ನಮ್ಮವನಾದರೆ ನಾಲ್ಕು ಜನ ಹಿರಿಯರನ್ನು ಕೂಡಿಸಿ ಬಿಡಿಸಬಹುದು ಎಂಬ ಲೆಕ್ಕ. ಹೀಗೆ ಜಾತಿಯೇ ಜಾಮೀನಾಯಿತು. ಮೊದಲೂ ಜಾತಿ ಕೇಳುತ್ತಿದ್ದರು, ಇಲ್ಲವೆನ್ನುವುದಿಲ್ಲ. ಈಗ ಕೇಳುವುದಕ್ಕೆ ಒಂದು ನೆಪವೂ ಸಿಕ್ಕಿತು.

1978ರ ಜೂನ್ ತಿಂಗಳು. ಗುಮಾಸ್ತರು ಹೋಗಿ ಮೂರು ವರ್ಷ, ನಡುವೆ ಇಬ್ಬರು ಬಂದು ಹೋಗಿದ್ದರು, ಕೋಣೆ ಖಾಲಿ. ನನಗೆ ಹನ್ನೊಂದು ವರ್ಷ. ಒಂದು ಸಂಜೆ ಒಬ್ಬ ಮೇಷ್ಟ್ರು ಬಂದರು. ಹೊಸದಾಗಿ ಕನ್ನಡ ಮಾಧ್ಯಮದ ಶಾಲೆಗೆ ಆರ್ಡರು ಆಗಿತ್ತು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಕನ್ನಡ ನಮಗಿಂತ ಸ್ವಚ್ಛ. ಅಜ್ಜಿಗೆ ಬಹಳ ಸಂತೋಷವಾಯಿತು, ನಾಲ್ಕು ದಿನದಿಂದ ಬರೀ ತೆಲುಗಿನವರೇ ಕೇಳಿ ಹೋಗುತ್ತಿದ್ದರು. ನನಗೆ ಬೀಗದಕೈ ಕೊಟ್ಟು ಕೋಣೆ ತೋರಿಸಲು ಕಳಿಸಿದರು. ಮೇಷ್ಟ್ರಿಗೆ ಕೋಣೆ ಹಿಡಿಸಿತು. ಮೇಲೆ ಬಂದು ಮಂಚದ ತುದಿಗೆ ಕೂತರು. ಅಜ್ಜಿ ನೀರು ತರಲು ಎದ್ದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರು: ‘ಯಾವ ಪೈಕಿ ನೀವು?’

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, ‘ಅಯ್ಯೋ ಮರ್ತೇಬಿಟ್ಟಿದ್ದೆ ನೋಡ್ರಿ, ನಮ್ಮ ತಂಗಿ ಮಗ ಬರ್ತಾನ ಅಂತ ಮಾತು ಕೊಟ್ಟೀವಿ’ ಎಂದರು. ಮೇಷ್ಟ್ರು ‘ಆಗ್ಲಿ ತಾಯಿ’ ಎಂದು ಎದ್ದು ಹೊರಟರು. ನೀರು ಒಳಗೇ ಉಳಿಯಿತು. ಕೊಡೆ ಮಂಚದ ಪಕ್ಕದಲ್ಲಿ ಉಳಿಯಿತು. ನಾನು ಅದನ್ನು ಹಿಡಿದು ಓಣಿಯ ತಿರುವಿನವರೆಗೆ ಓಡಿದೆ. ಕೊಡೆ ತೆಗೆದುಕೊಂಡು ಅವರು ನನ್ನ ತಲೆ ಮುಟ್ಟಿ ಕೇಳಿದರು: ‘ನಿಮ್ಮ ಚಿಕ್ಕಪ್ಪ ಯಾವಾಗ ಬರ್ತಾರಪ್ಪ?’ ನಾನು, ‘ಯಾವ ಚಿಕ್ಕಪ್ಪ ರೀ?’ ಎಂದೆ.

ಅವರು ನಕ್ಕರು. ಆ ನಗು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಅವರೇ ನಮ್ಮ ಸೋಷಲ್ ಮೇಷ್ಟ್ರು ಆಗಿದ್ದರು. ಸಂವಿಧಾನದ ಪಾಠದಲ್ಲಿ ಹದಿನೇಳನೆಯ ವಿಧಿ ಬಂದ ದಿನ ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ನನ್ನ ಕಡೆ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆ ಸಿಗದೆ ಅವರು ಊರಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಮ್ಮ ಕೋಣೆ ಆ ವರ್ಷ ದೀಪಾವಳಿಯವರೆಗೆ ಖಾಲಿಯೇ ಇತ್ತು.

ಇದಕ್ಕೆ ಕಾಯ್ದೆ ಏನೂ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ಹೇಳುತ್ತದೆ. ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ 1955ರಲ್ಲೇ ಬಂತು. 1976ರಲ್ಲಿ ಅದನ್ನು ಬಿಗಿಮಾಡಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು. ಅಸ್ಪೃಶ್ಯತೆಯ ಕಾರಣದಿಂದ ಒಬ್ಬನು ಯಾವುದೇ ಓಣಿಯಲ್ಲಿ ವಾಸದ ಮನೆ ಕಟ್ಟುವುದನ್ನು, ಪಡೆಯುವುದನ್ನು, ಅದರಲ್ಲಿ ಇರುವುದನ್ನು ತಡೆದರೆ ಅಪರಾಧ. ಒಂದು ತಿಂಗಳಿನಿಂದ ಆರು ತಿಂಗಳವರೆಗೆ ಜೈಲು, ನೂರರಿಂದ ಐನೂರು ರೂಪಾಯಿ ದಂಡ. ನಮ್ಮ ಅಜ್ಜಿಯಂಥವರ ಸುಳ್ಳನ್ನೂ ಕಾಯ್ದೆ ಊಹಿಸಿತ್ತು. ತೊಂದರೆಗೊಳಗಾದವನು ಪರಿಶಿಷ್ಟ ಜಾತಿಯವನಾದರೆ, ಕಾರಣ ಅಸ್ಪೃಶ್ಯತೆಯೇ ಎಂದು ನ್ಯಾಯಾಲಯ ಭಾವಿಸಬೇಕು. ಅಲ್ಲವೆಂದು ಸಾಬೀತು ಮಾಡುವ ಹೊಣೆ ಎದುರಿನವರದು. ಇಷ್ಟು ಚೆನ್ನಾಗಿ ಬರೆದ ಕಾಯ್ದೆ ನಮ್ಮ ಓಣಿಗೆ ಏಕೆ ಬರಲಿಲ್ಲ? ಕರೆಯುವವರು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿ ಮೂರು ದಿನವಾದ ಮೇಷ್ಟ್ರು, ಮಕ್ಕಳನ್ನು ತನ್ನ ಶಾಲೆಗೆ ಕಳಿಸುವ ಓಣಿಯ ಮುದುಕಿಯ ಮೇಲೆ ಠಾಣೆಗೆ ಹೋಗಿ ದೂರು ಕೊಡುತ್ತಾನೆಯೇ? ಕೊಟ್ಟರೆ ಆ ಊರಿನಲ್ಲಿ ಬೇರೆ ಮನೆ ಸಿಗುತ್ತದೆಯೇ?

ಅಸ್ಪೃಶ್ಯತೆಯ ಮಾತು ಬಿಟ್ಟರೆ ಉಳಿದ ಕಡೆ ಕಾಯ್ದೆ ಬಹುಮಟ್ಟಿಗೆ ಮೌನ. ಸಂವಿಧಾನದ ಹದಿನೈದನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಮಾತು ಆಡುತ್ತದೆ. ಖಾಸಗಿ ಮನೆಯ ಬಾಡಿಗೆಯ ಮಾತು ಆಡುವುದಿಲ್ಲ. ಮಂತ್ರಾಲಯವನ್ನೇ ನೋಡಿ. ಅಲ್ಲಿನ ಲಾಡ್ಜಿನಲ್ಲಿ ಒಂದು ರಾತ್ರಿ ತಂಗುವವನಿಗೆ ಧರ್ಮ, ಜಾತಿ ನೋಡಿ ಇಲ್ಲವೆನ್ನುವಂತಿಲ್ಲ. ಅದೇ ಮನುಷ್ಯ ಹನ್ನೊಂದು ತಿಂಗಳಿಗೆ ಪಕ್ಕದ ಮನೆ ಕೇಳಿದರೆ ನೆಪ ಹೇಳಿ ಕಳಿಸಬಹುದು. ಹನ್ನೊಂದು ತಿಂಗಳೇ ಏಕೆ ಎಂದರೆ, ವರ್ಷ ಮೀರಿದ ಕರಾರನ್ನು ರಿಜಿಸ್ಟರು ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು ಉಳಿಸಲಿಕ್ಕೆ ಇಡೀ ದೇಶ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಬಾಡಿಗೆಗೆ ಹೋಗುತ್ತಿದೆ.

‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿನ ಬಗ್ಗೆಯೂ ಒಂದು ಮಾತು. ಒಂದೇ ಸೂರಿನ ಕೆಳಗೆ, ಒಂದೇ ಗೋಡೆಯ ಆಚೆ ಈಚೆ ಅಡುಗೆಯಾಗುವಾಗ ಮಡಿಯ ಮನೆಯವರು ಮಾಂಸದ ವಾಸನೆ ಒಗ್ಗದು ಎಂದರೆ ನಾನು ತಪ್ಪೆನ್ನಲಾರೆ. ಅದು ಅಡುಗೆಯ ಮಾತು, ಬಂದವನು ಒಪ್ಪಬಹುದು, ಬಿಡಬಹುದು. ಆದರೆ ‘ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ’ ಎಂದವನಿಗೂ ಹೆಸರು ಕೇಳಿದ ಮೇಲೆ ಮನೆ ಸಿಗದಿದ್ದರೆ ಆ ಬೋರ್ಡು ಅಡುಗೆಯದಲ್ಲ. ಅಂಥವರನ್ನು ನಾನು ಕಂಡಿದ್ದೇನೆ, ನೀವೂ ಕಂಡಿರುತ್ತೀರಿ.

2009ರ ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಮಂತ್ರಾಲಯಕ್ಕೆ ನುಗ್ಗಿದಾಗ ಮಠದೊಳಗೆ, ಮನೆಗಳೊಳಗೆ ನೀರು ನಿಂತಿತು. ಅಲ್ಲಿದ್ದ ನಮ್ಮ ನೆಂಟರ ಮಹಡಿಯ ಮೇಲೆ ಆ ದಿನ ಯಾರು ಯಾರೋ ಹತ್ತಿ ಕೂತಿದ್ದರು. ಭಕ್ತರು, ಹೂವಿನವರು, ಆಟೋ ಹುಡುಗರು. ಇದ್ದ ಅವಲಕ್ಕಿ ಎಲ್ಲರಿಗೂ ಹಂಚಿದೆವು ಎಂದು ಅವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನೀರು ಇಳಿದು, ಕೆಸರು ತೆಗೆಸಿ, ಸುಣ್ಣ ಹೊಡೆಸಿ, ಕೆಳಗಿನ ಭಾಗ ಮತ್ತೆ ಬಾಡಿಗೆಗೆ ಕೊಟ್ಟರು. ಯಾರಿಗೆ ಎಂದು ಕೇಳಿದೆ. ‘ನಮ್ಮೋರಿಗೇ’ ಎಂದರು.

ಬೇರೆ ದೇಶಗಳಲ್ಲಿ ಏನು ಕಥೆ? ಅಮೆರಿಕದಲ್ಲಿ ಕರಿಯ ಜನರಿಗೆ ಬಿಳಿಯರ ಓಣಿಯಲ್ಲಿ ಮನೆ ಸಿಗುತ್ತಿರಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಭೇದ ಮಾಡಬಾರದೆಂಬ ಕಾಯ್ದೆಗೆ ಅಲ್ಲಿನ ಅಧ್ಯಕ್ಷರು ಸಹಿ ಹಾಕಿದರು. ಅದರಲ್ಲೂ ಒಂದು ಕಿಂಡಿ ಇದೆ. ನಾಲ್ಕು ಸಂಸಾರಗಳಿಗೆ ಮೀರದ ಕಟ್ಟಡದಲ್ಲಿ ಮನೆಯವನೂ ತಾನೇ ವಾಸವಾಗಿದ್ದರೆ ಕಾಯ್ದೆಯ ಮುಖ್ಯ ನಿಷೇಧ ಅವನಿಗೆ ತಟ್ಟುವುದಿಲ್ಲ. ತನ್ನ ಮನೆಯಲ್ಲೇ ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಮುದುಕಿಯೊಬ್ಬಳನ್ನು ಕಲ್ಪಿಸಿಕೊಂಡು ಅದಕ್ಕೆ ‘ಮಿಸೆಸ್ ಮರ್ಫಿ’ ವಿನಾಯಿತಿ ಎಂದು ಹೆಸರಿಟ್ಟಿದ್ದಾರೆ. ನನಗೆ ಇದನ್ನು ಓದಿದಾಗ ನಮ್ಮ ಅಜ್ಜಿಯೇ ಕಣ್ಣಮುಂದೆ ಬಂದರು. ಆದರೆ ಮಿಸೆಸ್ ಮರ್ಫಿ ಕೂಡ ‘ಇಂಥವರಿಗೆ ಮಾತ್ರ’ ಎಂದು ಜಾಹೀರಾತು ಕೊಡುವಂತಿಲ್ಲ. ಜನಾಂಗದ ಮಾತಿಗಂತೂ 1866ರ ಹಳೆಯ ಕಾಯ್ದೆಯೊಂದು ಯಾವ ವಿನಾಯಿತಿಯೂ ಇಲ್ಲದೆ ಅಡ್ಡ ನಿಂತಿದೆ.

ನಮ್ಮ ಅಕ್ಕನ ಮಗ ಅಲ್ಲಿದ್ದಾನೆ. ಮೊದಲು ಹೋದಾಗ ಹೆಸರು ನೋಡಿ ಮನೆ ಇಲ್ಲವೆಂದಾರೆಂದು ಹೆದರಿದ್ದನಂತೆ, ಕಾಯ್ದೆ ಇದೆ ಎಂದು ಸ್ನೇಹಿತರು ಧೈರ್ಯ ಹೇಳಿದ್ದರಂತೆ. ಈಗ ಸ್ವಂತ ಮನೆ ಕೊಂಡಿದ್ದಾನೆ, ಕೆಳಗೆ ನೆಲಮಾಳಿಗೆ ಇದೆ. ಬಾಡಿಗೆಗೆ ಕೊಡಬೇಕೆಂದಾಗ ಅಕ್ಕ ಇಲ್ಲಿಂದ ಫೋನಿನಲ್ಲಿ, ‘ನಮ್ಮೋರು ಸಿಕ್ತಾರೇನು ನೋಡೋ’ ಎಂದಳು. ಅವನು, ‘ಅಮ್ಮ, ಹಂಗ ಬರೆದು ಹಾಕಂಗಿಲ್ಲ ಇಲ್ಲಿ’ ಎಂದ. ‘ಬರೀಬ್ಯಾಡ, ಸುಮ್ನ ನೋಡು’ ಎಂದಳು. ಏಳು ಸಮುದ್ರ ದಾಟಿದರೂ ನಮ್ಮ ಓಣಿಯ ಲೆಕ್ಕ ಬದಲಾಗಲಿಲ್ಲ.

ನಮ್ಮ ದೇಶದಲ್ಲಿ ಅಂಥ ಒಂದು ಒಟ್ಟು ಕಾಯ್ದೆ ಇಲ್ಲ. ಅಹಮದಾಬಾದಿನ ಪಾರ್ಸಿಗಳ ಗೃಹ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದು ಬರೆದುಕೊಂಡ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇನ್ನೊಂದು ಕಡೆ, ಎಚ್‌ಐವಿ ಇರುವವರಿಗೆ ಆ ಕಾರಣದಿಂದ ಮನೆ ಬಾಡಿಗೆಗೆ ಕೊಡದಿರುವುದು ತಪ್ಪೆಂದು 2017ರ ಕಾಯ್ದೆ ಹೇಳಿತು. ಲಿಂಗಪರಿವರ್ತಿತರ ವಿಷಯದಲ್ಲಿ 2019ರ ಕಾಯ್ದೆ ಅದನ್ನೇ ಹೇಳಿತು. ಆಂಧ್ರದ ಹಳೆಯ 1960ರ ಬಾಡಿಗೆ ಕಾಯ್ದೆಯ ಜಾಗಕ್ಕೆ 2017ರಲ್ಲಿ ಹೊಸ ಕಾಯ್ದೆ ರೂಪುಗೊಂಡಿತು. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಒಂದು ಮಾದರಿ ಕಾಯ್ದೆ ಕೊಟ್ಟಿತು. ಬರಹದ ಕರಾರು ಇರಬೇಕು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಕೇಳಬಾರದು, ಬಾಡಿಗೆ ಇಬ್ಬರೂ ಒಪ್ಪಿದಷ್ಟು ಎಂದು ಅದು ಹೇಳುತ್ತದೆ. ಬಿಡಿಸುವ ದಾರಿ ಈಗ ಹಿಂದಿನಷ್ಟು ಕಲ್ಲುಮುಳ್ಳಲ್ಲ. ಅಂದರೆ ತಾತನ ಕಾಲದ ನೆಪ ಹೋಯಿತು. ಪ್ರಶ್ನೆ ಮಾತ್ರ ಬಾಗಿಲಲ್ಲೇ ನಿಂತಿದೆ.

ಆ ಮೇಷ್ಟ್ರು ನನಗೆ ಕೆಲವು ವರ್ಷಗಳ ಹಿಂದೆ ಮಂತ್ರಾಲಯಂ ರೋಡ್ ಸ್ಟೇಷನ್ನಿನಲ್ಲಿ ಸಿಕ್ಕರು. ನಿವೃತ್ತರಾಗಿ ಬಹಳ ದಿನವಾಗಿತ್ತು, ಮೊಮ್ಮಗನನ್ನು ರೈಲಿಗೆ ಹತ್ತಿಸಲು ಬಂದಿದ್ದರು. ಕಾಲು ಮುಟ್ಟಿದೆ. ಗುರುತು ಹಿಡಿದರು. ಹೇಳಬೇಕೆಂದುಕೊಂಡಿದ್ದ ಮಾತು ಗಂಟಲಲ್ಲೇ ಇತ್ತು. ಅವರೇ ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ‘ನಿಮ್ಮ ಚಿಕ್ಕಪ್ಪ ಬಂದರೇನಪ್ಪ?’ ಎಂದರು. ಇಬ್ಬರೂ ನಕ್ಕೆವು. ಅವರು ನಕ್ಕದ್ದು ನನಗಾಗಿ ಎಂದು ಆಮೇಲೆ ಅನ್ನಿಸಿತು.

ಹೋದ ವರ್ಷ ಕೆಳಗಿನ ಕೋಣೆ ಖಾಲಿಯಾದಾಗ ನಾನೂ ನನ್ನ ಹೆಂಡತಿಯೂ ಕೂತು ಮಾತಾಡಿಕೊಂಡೆವು. ಏನು ಕೆಲಸ, ಎಷ್ಟು ಜನ ಇರುತ್ತೀರಿ, ಹಿಂದಿನ ಮನೆಯವರ ಫೋನ್ ನಂಬರು ಕೊಡಿ, ಬಾಡಿಗೆ ಐದನೇ ತಾರೀಖಿಗೆ, ಎರಡು ತಿಂಗಳ ಅಡ್ವಾನ್ಸು, ಮಳೆಗಾಲದಲ್ಲಿ ಗೋಡೆ ತೇವವಾಗುತ್ತದೆ ಎಂದು ನಾವೇ ಮೊದಲು ಹೇಳುವುದು. ಬಂದವರೆಲ್ಲರಿಗೂ ಇಷ್ಟೇ, ಇದೇ. ಮೊದಲು ಬಂದು ಒಪ್ಪಿದವರಿಗೆ ಕೋಣೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸಮ್ಮ ಬಂದರು. ನನ್ನ ಹೆಂಡತಿ ‘ಯಾವೂರಮ್ಮ?’ ಎಂದು ಕೇಳಿ, ಇನ್ನೂ ಏನೋ ಕೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಬೀಗದಕೈ ಕೊಟ್ಟಳು.

ನರ್ಸಮ್ಮ ಈಗಲೂ ಇದ್ದಾರೆ. ರಾತ್ರಿ ಡ್ಯೂಟಿ ಇದ್ದ ದಿನ ಬೆಳಿಗ್ಗೆ ಬಾಗಿಲು ಹಾಕಿ ಮಲಗುತ್ತಾರೆ, ನಾವು ಆಗ ಮೇಲೆ ಕುಟ್ಟುವುದು ಬೀಸುವುದು ಮಾಡುವುದಿಲ್ಲ. ಅವರು ಯಾವ ಪೈಕಿ ಎಂದು ನಮಗೆ ಗೊತ್ತೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಾವು ಕೇಳಲಿಲ್ಲ. ಎದುರು ಮನೆಯವರು ಒಂದು ವಾರದೊಳಗೆ ವಿಚಾರಿಸಿಕೊಂಡು ಬಂದು ಹೇಳಿ ಹೋದರು.